ಭಯದ ವಿಚಾರಣೆಗೆ ಬಂದು ಮೊಸರನ್ನ ಉಂಡ ಬಗ್ಗೆ

ಶಾಶ್ವತ ಆಶ್ರಯ ಇಲಾಖೆ
ಭಯ ಪರಿಶೀಲನಾ ಶಾಖೆ, ಷಿಕಾಗೊ

ಸುತ್ತೋಲೆ ಸಂಖ್ಯೆ: ಶಾಆ/ಭಪ/17/1974
ದಿನಾಂಕ: 11-3-1974

ವಿಷಯ: ನಿರಾಶ್ರಿತರ ಪರ ಸಾಕ್ಷಿ ಹೇಳಲು ಬರುವ ಹಿತೈಷಿಗಳು ಅವರನ್ನು ಹೊಗಳುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: 1) ಡೆಟ್ರಾಯಿಟ್‌ನ ಗ್ಯಾರೇಜ್ ಕೆಲಸಗಾರ ಕಲ್ಲಿನಾಥನ ಅರ್ಜಿ.
2) ಸೌತ್‌ಫೀಲ್ಡ್‌ನ ಎಂಜಿನಿಯರ್, ಸದರಿಯವನ ಹಿತೈಷಿ ಜಯಸಿಂಹ ಅವರ ಬಾಯಿ.

ಆಫ್ರಿಕಾದ ಕಂಪಾಲಾದಲ್ಲಿ ಹುಟ್ಟಿದ ಸದರಿ ಕಲ್ಲಿನಾಥನನ್ನು ಅಲ್ಲಿಯ ಸೈನಿಕ ಸರ್ಕಾರವು ಇತರ ಇಂಡಿಯನ್ನರೊಡನೆ ಉಟ್ಟಬಟ್ಟೆಯಲ್ಲಿ ಹೊರಗಟ್ಟಿ, ಪಾಸ್‌ಪೋರ್ಟನ್ನೂ ಕಿತ್ತುಕೊಂಡಿರುತ್ತದೆ. ಆತನ ತಾಯಿ ನೀಲಮ್ಮ ಆಸ್ಟ್ರಿಯಾದ ಶಿಬಿರದಲ್ಲಿ ಉಳಿದಿರುತ್ತಾಳೆ. ಮಗನಿಗೆ ಶಾಶ್ವತ ಆಶ್ರಯ ಮಂಜೂರಾದಲ್ಲಿ ಮಾತ್ರ ಆಕೆಯನ್ನು ಕರೆಸಿಕೊಳ್ಳಲು ಅವಕಾಶವಿರುತ್ತದೆ. ಮಂಜೂರಾಗಲು, ವಾಪಸು ಹೋಗಲು ಭಯವಿದೆಯೆಂದೂ ಹೋಗಲು ಬೇರೆ ಊರಿಲ್ಲವೆಂದೂ ಸಾಬೀತುಪಡಿಸತಕ್ಕದ್ದು.

ಕಳೆದ ತಿಂಗಳ ವಿಚಾರಣೆಗೆ ಸಾಕ್ಷಿಯಾಗಿ ಬಂದ ಜಯಸಿಂಹ ಅವರು, ಹೆಣ್ಣಿನ ಕಡೆಯವರಿಗೆ ಗಂಡಿನ ವಿಚಾರ ಹೇಳುವವರಂತೆ ಕುರ್ಚಿ ಎಳೆದುಕೊಂಡು ಕೂತು ಹೀಗೆ ನುಡಿದಿರುತ್ತಾರೆ: “ಒಳ್ಳೇ ಮನೆತನ ಸಾರ್. ಭಯ ಗಿಯ ಏನೂ ಇಲ್ಲ, ಹುಲಿ ಇದ್ದಂಗೆ! ನಾಳೆ ಧಾರವಾಡಕ್ಕೆ ಹೋಗಿ ನಿಂತ್ರೂ ಇವನ ತಾತನ ಮನೆ ಬಾಗಿಲು ತೆಗೆದೇ ಇರತ್ತೆ.”

ಇಷ್ಟಕ್ಕೆ ಕಡತವು ಮುಚ್ಚುವ ಹಂತಕ್ಕೆ ಬಂದಿದ್ದು, ಇನ್ನು ಮುಂದೆ ಕೆಳಕಂಡಂತೆ ನಡೆದುಕೊಳ್ಳಲು ಎಲ್ಲರಿಗೂ ತಾಕೀತು ಮಾಡಲಾಗಿದೆ.

1. ಅರ್ಜಿದಾರನ ಮನೆತನ, ಗುಣ, ಧೈರ್ಯಗಳನ್ನು ಸಾಕ್ಷಿಗಳು ಎತ್ತತಕ್ಕದ್ದಲ್ಲ. ಅಳಿಯನಾಗಲು ಬೇಕಾದ ಅರ್ಹತೆಗಳೆಲ್ಲವೂ ನಿರಾಶ್ರಿತನಾಗಲು ಅನರ್ಹತೆಗಳು.

2. ಸದರಿ ಮನೆಯನ್ನು ತಾತ ಕಂಪಾಲಾಕ್ಕೆ ಹೋಗಲು ಹಡಗು ಹತ್ತುವ ಮೊದಲೇ ಮಾರಿದ್ದನೆಂದು ಅರ್ಜಿದಾರ ವಾದಿಸಿರುತ್ತಾನೆ. “ಅಂಕಲ್, ಆ ಮನಿ ಎಲ್ಲೈತ್ರಿ? ನನಗೂ ಒಂದ್ಸಲ ತೋರಸ್ರಿ” ಎಂದು ಕೇಳಿದ್ದಕ್ಕೆ ಸಾಕ್ಷಿಯು “ಸುಮ್ನಿರಪ್ಪ, ನಿನ್ನ ಮರ್ಯಾದೆ ಉಳಿಸ್ತಿದೀನಿ” ಎಂದಿರುತ್ತಾರೆ. ಉಳಿದ ಮರ್ಯಾದೆಯನ್ನು ಅರ್ಜಿದಾರನ ಸ್ಥಿರಾಸ್ತಿಯೆಂದು ಪರಿಗಣಿಸಲಾಗುವುದು.

3. ಜಯಸಿಂಹ ಅವರ ಪತ್ನಿ ಸರಳಾ ಅವರು “ಇಂಟರ್‌ವ್ಯೂಗೆ ಹೀಗಾ ಹೋಗೋದು?” ಎಂದು ಗದರಿಸಿ, ಗಂಡನ ಮದುವೆಯ ಸೂಟನ್ನು ಅರ್ಜಿದಾರನಿಗೆ ತೊಡಿಸಿರುತ್ತಾರೆ. ಇನ್ನು ಮುಂದೆ ನಿರಾಶ್ರಿತರು ದೇಶ ಬಿಟ್ಟ ದಿನದ ಬಟ್ಟೆಯಲ್ಲೇ ಹಾಜರಾಗತಕ್ಕದ್ದು. ಒಗೆದಿದ್ದಲ್ಲಿ ಸಾಕ್ಷ್ಯನಾಶ.

4. ಸೂಟಿನೊಡನೆ ಮೊಸರನ್ನವನ್ನೂ ಕಟ್ಟಿಕೊಟ್ಟಿದ್ದು, ಅರ್ಜಿದಾರನು ಅದನ್ನು ಕಾಯುವ ಕೋಣೆಯಲ್ಲಿ ಉಪ್ಪಿನಕಾಯಿ ಸಹಿತ ಉಂಡು ಬೆರಳು ನೆಕ್ಕಿದ್ದನ್ನು ಸಿಬ್ಬಂದಿ ಕಂಡಿರುತ್ತಾರೆ. ಭಯಸ್ಥನಿಗೆ ಹಸಿವಾಗುವುದಿಲ್ಲ. ಡೆಟ್ರಾಯಿಟ್‌ನಿಂದ ಮುನ್ನೂರು ಮೈಲಿ ಬರಿಹೊಟ್ಟೆಯಲ್ಲಿ ಬಂದೆನೆಂಬ ಸಮಜಾಯಿಷಿಯು ಹಸಿವು ಶಾಖೆಗೆ ಸಂಬಂಧಿಸಿದ್ದು.

5. ಭಯವನ್ನು ಕಚೇರಿ ವೇಳೆಯಲ್ಲಿ, ಅಧಿಕಾರಿಯ ಸಮಕ್ಷಮದಲ್ಲೇ ಪಡತಕ್ಕದ್ದು. ಷಿಕಾಗೊ ಚಳಿಯ ನಡುಕವು ಇದರಲ್ಲಿ ಬೆರೆಯದಂತೆ, ಅರ್ಜಿದಾರನನ್ನು ಮೊದಲು ಹೀಟರ್ ಪಕ್ಕ ಕೂರಿಸಿ ಒಣಗಿಸತಕ್ಕದ್ದು.

6. ಸಿಟ್ಟು ಭಯವಲ್ಲ. “ಅಂಜಿಕಿ ಇಲ್ಲದಿದ್ರ ಅವ್ವನ್ನ ಬಿಟ್ಟು ಯಾಕ ಓಡಿ ಬರ್ತಿದ್ದೆ?” ಎಂದು ಅರ್ಜಿದಾರನು ಗುದ್ದಿದಾಗ ಮೇಜು ನಡುಗಿರುತ್ತದೆ. ಮೇಜಿನ ನಡುಕವನ್ನು ಆತನ ಖಾತೆಗೆ ಜಮಾ ಮಾಡಲು ಬರುವುದಿಲ್ಲ.

7. ಮರುವಿಚಾರಣೆಗೂ ಜಯಸಿಂಹ ಅವರೇ ಸಾಕ್ಷಿಯೆಂದು ತಿಳಿಸಿದ ಕೂಡಲೇ ಅರ್ಜಿದಾರನ ಮುಖ ಬಿಳಿಚಿ, ಕೈಕಾಲು ಗಡಗಡ ನಡುಗಿದ್ದನ್ನು ಮೂವರು ಅಧಿಕಾರಿಗಳು ಖುದ್ದಾಗಿ ನೋಡಿ, ಅಪ್ಪಟ ಭಯವೆಂದು ದೃಢೀಕರಿಸಿರುತ್ತಾರೆ. ಆದರೆ ಸದರಿ ಭಯವು ಈ ದೇಶದಲ್ಲೇ ಹುಟ್ಟಿದ್ದಾದ್ದರಿಂದ ಪುರಸ್ಕರಿಸಲಾಗಿಲ್ಲ. ಧಾರವಾಡದ ಮನೆ ಪತ್ತೆಯಾಗುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ.

(ಸಹಿ ಅಸ್ಪಷ್ಟ)
ಉಪ ಭಯಾಧಿಕಾರಿ

ಪ್ರತಿಗಳು:
1. ಶ್ರೀ ಜಯಸಿಂಹ: ಬಾಯಿ ಮನೆಯಲ್ಲಿ ಬಿಟ್ಟು ಹಾಜರಾಗಲು.
2. ಶ್ರೀಮತಿ ಸರಳಾ: ಸೂಟು ವಾಪಸು ಪಡೆಯಲು. ಉಪ್ಪಿನಕಾಯಿಯ ಬಗ್ಗೆ ಶಾಖೆಯ ಆಕ್ಷೇಪಣೆ ಇರುವುದಿಲ್ಲ.
3. ಧಾರವಾಡದ ಮನೆಯ ಬಾಗಿಲಿಗೆ: ಬಾಗಿಲು ಸಿಕ್ಕಲ್ಲಿ ಅಂಟಿಸಲು.
4. ನೀಲಮ್ಮ, ಶಿಬಿರ, ಆಸ್ಟ್ರಿಯಾ: ಮಾಹಿತಿಗಾಗಿ. ಆಕೆಗೆ ಓದು ಬಾರದಿರುವುದರಿಂದ ಮಗನೇ ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ದೇಶ ಬಿಟ್ಟು ಹೋದಲ್ಲಿ ಅರ್ಜಿ ವಜಾ.