ನಡುಗಡಲಲ್ಲಿ ಕೋದಂಡರಾಮಪ್ಪನವರ ಲೆಕ್ಕ

ಕೋದಂಡರಾಮಪ್ಪನವರನ್ನು ಯಾಮಾರಿಸುವ ಗಂಡು ಇನ್ನೂ ಹುಟ್ಟಿಲ್ಲ ಎಂಬ ಮಾತು ಶ್ರೀನಿವಾಸಪುರದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. (ಅದನ್ನು ಚಾಲ್ತಿಗೆ ತಂದವರು ಸ್ವತಃ ಕೋದಂಡರಾಮಪ್ಪನವರು.) ಅವರದು ಮಾವಿನ ಮಂಡಿ. ರೈತರು ತಂದ ಕಾಯಿ ತೂಗಿಸಿ, ಹರಾಜು ಹಾಕಿ, ಕಮಿಷನ್ ಹಿಡಿದು ಉಳಿದ ದುಡ್ಡು ಎಣಿಸಿಕೊಡುವ ಕೆಲಸ. ರಾಶಿಯನ್ನು ದೂರದಿಂದ ನೋಡಿಯೇ ತೂಕ ಹೇಳುತ್ತಾರೆ. ಲಾರಿಯ ಸದ್ದು ಕೇಳಿಯೇ ಒಳಗಿರುವುದು ತೋತಾಪುರಿಯೋ ಬಾದಾಮಿಯೋ ಹೇಳುತ್ತಾರೆ ಎಂದು ಹಮಾಲರು ಹೊಗಳುವುದುಂಟು; ಆದರೆ ಅದು ಬಟವಾಡೆಯ ದಿನದ ಮಾತು.

ಇಂಥವರ ಮನೆಯಲ್ಲಿ ಇದ್ದದ್ದು ಒಂದೇ ತಕರಾರು. ಮಗಳು ಮೇಘನ ಬಿ.ಕಾಂ. ಮುಗಿಸಿದಾಗಿನಿಂದ ಮಂಡಿಯ ಗಲ್ಲಾದಲ್ಲಿ ತಾನೇ ಕೂರುತ್ತೇನೆ ಎಂದು ಹಟ ಹಿಡಿದಿದ್ದಳು.

"ಗಲ್ಲಾ ಅಂದ್ರೆ ಪರೀಕ್ಷೆ ಪೇಪರ್ ಅಲ್ಲ ಕಣಮ್ಮ" ಎನ್ನುತ್ತಿದ್ದರು ಅಪ್ಪ. "ಅಲ್ಲಿ ಕಣ್ಣು ಮಿಟುಕಿಸಿದ್ರೆ ಸಾವಿರ ರೂಪಾಯಿ ಮಾಯ ಆಗ್ತದೆ. ಅದಕ್ಕೆ ಅನುಭವ ಬೇಕು."

ಹೆಂಡತಿ ವೆಂಕಟರತ್ನಮ್ಮ ಮಗಳ ಪಕ್ಷ. ಆಕೆ ಸರ್ಕಾರಿ ಶಾಲೆಯ ಹೆಡ್ ಮೇಡಂ. ಗೌನಿಪಲ್ಲಿ ಕಡೆಯ ತವರಿನಿಂದ ಬರುವಾಗ ನಾಲ್ಕು ಬಳೆ ಮತ್ತು ಬೇಕಾದಷ್ಟು ತೆಲುಗು ತಂದಿದ್ದರು. ಬಳೆಗಳು ಲಾಕರಿನಲ್ಲಿದ್ದವು, ತೆಲುಗು ಮಾತ್ರ ದಿನಬಳಕೆಯಲ್ಲಿತ್ತು.

ಹೀಗಿರುವಾಗ ಅಪ್ಪ ಅಮ್ಮನ ಮದುವೆಯ ಮೂವತ್ತನೇ ವರ್ಷಕ್ಕೆಂದು ಮೇಘನ ಸಿಂಗಾಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ನಾಲ್ಕು ದಿನದ ವಿಹಾರಕ್ಕೆ ಟಿಕೆಟ್ ಮಾಡಿಸಿದಳು. ಆ ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಟಿಕೆಟ್ಟಿನಲ್ಲಿ ಸೇರದ ಯಾವುದನ್ನು ತಿಂದರೂ ಕುಡಿದರೂ ರೂಮಿನ ಲೆಕ್ಕಕ್ಕೆ ಬರೆದುಕೊಂಡು, ಇಳಿಯುವ ದಿನ ಒಟ್ಟಿಗೆ ಕ್ರೆಡಿಟ್ ಕಾರ್ಡಿನಲ್ಲಿ ವಸೂಲಿ ಮಾಡುತ್ತಾರೆ. ಕೋದಂಡರಾಮಪ್ಪನವರಿಗೆ ಗೊತ್ತಿದ್ದ ಕಾರ್ಡುಗಳು ಎರಡೇ, ರೇಷನ್ ಕಾರ್ಡು ಮತ್ತು ಲಗ್ನಪತ್ರಿಕೆಯ ಕಾರ್ಡು. ಆದ್ದರಿಂದ ವೆಂಕಟರತ್ನಮ್ಮನವರ ಕಾರ್ಡೇ ಹೊರಟಿತು.

"ಅಪ್ಪ, ಕೊನೇಲಿ ರೂಪಾಯಿನಾ ಡಾಲರಾ ಅಂತ ಮೆಷಿನ್ ಕೇಳ್ತದೆ. ಡಾಲರ್ ಅಂತ ಒತ್ತಿ. ರೂಪಾಯಿ ಅಂದ್ರೆ ಹಡಗಿನೋರು ಅವರಿಗೆ ಬೇಕಾದ ರೇಟ್ ಹಾಕ್ತಾರೆ" ಎಂದಳು ಮೇಘನ.

"ನನಗೆ ರೇಟ್ ಹೇಳಿಕೊಡ್ತೀಯೇನಮ್ಮ" ಎಂದು ನಕ್ಕರು ಕೋದಂಡರಾಮಪ್ಪ.

ವೆಂಕಟರತ್ನಮ್ಮ ಆ ನಗುವನ್ನು ಅಲ್ಲೇ ಹಿಡಿದರು. "ಆಯ್ತು ರೀ. ಬಿಲ್ಲು ಕಟ್ಟೋದು ನೀವೇ. ಅವಳು ಹೇಳಿದಂಗೆ ಕಟ್ಟೋದಕ್ಕಿಂತ ಒಂದು ರೂಪಾಯಿ ಜಾಸ್ತಿ ಹೋದ್ರೂ ಈ ಸೀಜನ್ನಿಂದ ಗಲ್ಲಾದ ಬೀಗದಕೈ ಮೇಘನಾಗೆ. ಹೋಗಲಿಲ್ಲ ಅಂದ್ರೆ ನಾವಿಬ್ರೂ ಆ ಮಾತೇ ಎತ್ತಲ್ಲ. ಸರೇನಾ?"

"ಸರೇ" ಎಂದರು ಕೋದಂಡರಾಮಪ್ಪ. ಗೆದ್ದೇಬಿಟ್ಟೆ ಎಂಬ ನೆಮ್ಮದಿಯಲ್ಲಿ ಅವತ್ತು ಒಂದು ಮುದ್ದೆ ಜಾಸ್ತಿಯೇ ಉಂಡರು.

ಹಡಗು ಹತ್ತಿದ ಮೇಲೆ ಅವರು ಸಮುದ್ರವನ್ನು ನೋಡಿದ್ದು ಕಡಿಮೆ, ಬೆಲೆಪಟ್ಟಿ ನೋಡಿದ್ದು ಹೆಚ್ಚು. ಡಾಲರನ್ನು ರೂಪಾಯಿಗೆ ತಿರುಗಿಸಿ, ರೂಪಾಯಿಯನ್ನು ಕಾಯಿಗೆ ತಿರುಗಿಸಿದರೆ ಮಾತ್ರ ಅವರಿಗೆ ಯಾವುದೇ ವಸ್ತುವಿನ ನಿಜವಾದ ಬೆಲೆ ತಿಳಿಯುತ್ತಿತ್ತು. ಮೊದಲ ದಿನವೇ ವೆಂಕಟರತ್ನಮ್ಮ ಡೆಕ್ಕಿನ ಮೇಲೆ ಕೂತು ಕಾಫಿ ತರಿಸಿದರು.

"ನಾಲ್ಕು ಡಾಲರ್ ಕಣೇ. ನೀನೀಗ ಕುಡೀತಿರೋದು ಒಂದು ಕ್ರೇಟು ತೋತಾಪುರಿ."

"ಹಾಗಾದ್ರೆ ಸಂಜೆಗೆ ಇನ್ನೊಂದು ಕ್ರೇಟು ಹೇಳಿಬಿಡಿ" ಎಂದು ಆಕೆ ನಿಧಾನವಾಗಿ ಇನ್ನೊಂದು ಗುಟುಕು ಕುಡಿದರು. ಸುತ್ತ ಎತ್ತ ನೋಡಿದರೂ ನೀಲಿ ನೀರು. ಗಾಳಿ ಹಿತವಾಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ಮಾಡಿಕೊಟ್ಟ ಕಾಫಿಯನ್ನು ಕೂತಲ್ಲೇ ಕುಡಿಯುತ್ತಿದ್ದ ಆಕೆಗೆ ಪರಮ ಸುಖವಾಗಿತ್ತು. ಪಕ್ಕದಲ್ಲಿ ಗಂಡ ಮನೆಯಿಂದ ತಂದ ನಿಪ್ಪಟ್ಟು ಮುರಿಯುತ್ತಾ ಅಂದಿನ ಆವಕ ಜಾವಕ ಲೆಕ್ಕ ಹಾಕುತ್ತಿದ್ದರು. ನಾಲ್ಕು ದಿನಕ್ಕೆ ಹೆಂಡತಿ ಹೆಚ್ಚುಕಡಿಮೆ ಒಂದು ಟೆಂಪೋ ಕಾಯಿ ಕುಡಿದರು.

ಇಳಿಯುವ ದಿನ ಬೆಳಿಗ್ಗೆ ಬಿಲ್ಲು ಬಂತು. ನಾನೂರು ಡಾಲರ್. ಕಾಫಿ, ಊರು ಸುತ್ತಿಸಿದ ಬಸ್ಸು, ಇಂಟರ್ನೆಟ್ಟು, ಅದರ ಮೇಲೆ ತಲೆಗೆ ದಿನಕ್ಕಿಷ್ಟು ಎಂದು ಸೇವಾಶುಲ್ಕ. ಕೋದಂಡರಾಮಪ್ಪ ಅದನ್ನು ಎರಡು ಸಲ ಓದಿ, ಹೆಗಲ ಮೇಲಿನ ಟವೆಲ್ ಕೊಡವಿದರು.

"ಬಾ, ಮಾತಾಡಿ ಇಳಿಸ್ತೀನಿ" ಎಂದು ರಿಸೆಪ್ಷನ್ನಿಗೆ ನಡೆದರು.

ಹಳೇ ಕಾಲದ ವ್ಯಾಪಾರಿಗಳು ನಾಲ್ಕು ಜನರೆದುರು ಬಾಯಿಬಿಟ್ಟು ರೇಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಯೊಳಗೆ ಕೈ ಇಟ್ಟು, ಬೆರಳು ಹಿಡಿದೇ ಮಾತು ಮುಗಿಸುತ್ತಾರೆ. ಕೋದಂಡರಾಮಪ್ಪನವರಿಗೆ ಇದು ದನದ ಸಂತೆಯಲ್ಲಿ ತಂದೆ ಕಲಿಸಿಕೊಟ್ಟ ವಿದ್ಯೆ. ಭಾಷೆ ಬಾರದ ಕಡೆ ಇದಕ್ಕಿಂತ ಒಳ್ಳೆಯ ಭಾಷೆ ಇಲ್ಲ ಎಂದು ಅವರು ತೀರ್ಮಾನಿಸಿದರು. ಕೌಂಟರಿನ ಮೇಲೆ ಟವೆಲ್ ಹಾಸಿ, ಅದರಡಿ ಕೈ ತೂರಿಸಿ, ಅಲ್ಲಿದ್ದ ಹುಡುಗಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಆ ಹುಡುಗಿ ಫಿಲಿಪ್ಪೀನ್ಸ್ ಕಡೆಯವಳು, ಸದಾ ನಗುಮುಖದವಳು. ಇದು ಇಂಡಿಯಾದವರು ಬೀಳ್ಕೊಳ್ಳುವ ಕ್ರಮ ಇರಬೇಕೆಂದುಕೊಂಡು ತಾನೂ ಕೈ ತೂರಿಸಿದಳು. ಕೋದಂಡರಾಮಪ್ಪ ಆಕೆಯ ಮೂರು ಬೆರಳು ಒತ್ತಿದರು, ಮುನ್ನೂರಕ್ಕೆ ಮುಗಿಸೋಣ ಎಂಬರ್ಥದಲ್ಲಿ. ಆಕೆ ಅವರ ಐದೂ ಬೆರಳು ಹಿಡಿದು ಪ್ರೀತಿಯಿಂದ ಕುಲುಕಿದಳು.

"ಲೇ, ಐದು ಅಂತಾಳಲ್ಲೇ. ಇವಳು ಮೇಲಕ್ಕೆ ಏರಿಸ್ತಾವ್ಳೆ."

"ಮೊದಲು ಆ ಮಗು ಕೈ ಬಿಡ್ರೀ. ಹಿಂದೆ ಜನ ನಿಂತವ್ರೆ" ಎಂದು ವೆಂಕಟರತ್ನಮ್ಮ ಟವೆಲ್ ಎಳೆದುಕೊಂಡರು.

ಹುಡುಗಿ ಕಾರ್ಡ್ ಮೆಷಿನ್ ಮುಂದಿಟ್ಟಳು. ಪರದೆಯಲ್ಲಿ ಎರಡು ಸಾಲು. ಒಂದರಲ್ಲಿ ನಾನೂರು ಡಾಲರ್, ಇನ್ನೊಂದರಲ್ಲಿ ಮೂವತ್ತಾರು ಸಾವಿರ ರೂಪಾಯಿ.

"ಮೇಘನ ಡಾಲರ್ ಅಂದವ್ಳೆ" ಎಂದು ವೆಂಕಟರತ್ನಮ್ಮ ನೆನಪಿಸಿದರು.

"ಅವಳಿಗೆ ಪುಸ್ತಕದ ಲೆಕ್ಕ. ನನ್ನದು ಮಂಡಿ ಲೆಕ್ಕ. ಡಾಲರ್ ಅಂದ್ರೆ ಆಮೇಲೆ ಯಾವನೋ ಕೂತ್ಕೊಂಡು, ಆವತ್ತಿನ ರೇಟಿಗೆ ರೂಪಾಯಿ ಮಾಡ್ತಾನೆ. ನಾಳೆ ರೇಟಿಗೆ ಇವತ್ತು ತಲೆ ಕೊಡೋನು ನಾನಲ್ಲ. ಇಲ್ಲಿ ನೋಡು, ನಮ್ಮ ರೂಪಾಯಿ, ಕಣ್ಣೆದುರಿಗೇ ಐತೆ. ಇವತ್ತಿನ ವ್ಯಾಪಾರ ಇವತ್ತಿಗೇ ಮುಗೀಬೇಕು."

ಹೀಗೆ ಹೇಳಿ, ತಾಳಿ ಕಟ್ಟಿದ ದಿನದ ಗಾಂಭೀರ್ಯದಲ್ಲಿ ರೂಪಾಯಿಯ ಸಾಲನ್ನು ಒತ್ತಿದರು. ಹೊರಗೆ ಡಾಲರಿಗೆ ಎಂಬತ್ತೈದು ನಡೆಯುತ್ತಿತ್ತು, ಹಡಗಿನವರು ತೊಂಬತ್ತು ಹಾಕಿದ್ದರು. ಇಂಥ ಭಾಗಾಕಾರವನ್ನು ನಿದ್ದೆಯಲ್ಲೂ ಮಾಡುವ ಮನುಷ್ಯ ಆ ಗಳಿಗೆಯಲ್ಲಿ ಮಾಡಲಿಲ್ಲ. ರೂಪಾಯಿಯ ಗುರುತು ಕಂಡೊಡನೆ ಊರಿನ ಬಸ್ಸು ಕಂಡಷ್ಟು ಧೈರ್ಯ ಬಂದಿತ್ತು.

ಸಿಂಗಾಪುರದ ವಿಮಾನ ನಿಲ್ದಾಣದಲ್ಲಿ ವೆಂಕಟರತ್ನಮ್ಮನವರ ಫೋನಿಗೆ ಬ್ಯಾಂಕಿನ ಮೆಸೇಜುಗಳು ಬಂದವು. ಮೂವತ್ತಾರು ಸಾವಿರ ಹೋಗಿತ್ತು. ಅದರ ಬೆನ್ನಿಗೇ, ಪರದೇಶದ ಅಂಗಡಿಗೆ ರೂಪಾಯಿಯಲ್ಲಿ ಪಾವತಿಸಿದ ಶುಲ್ಕ ಎಂದು ಇನ್ನೊಂದು ಮೊತ್ತ, ಅದರ ಮೇಲೆ ಜಿಎಸ್‌ಟಿ. ಆಕೆ ಮಗಳಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಗಂಡನ ಮುಂದೆ ಹಿಡಿದರು.

"ರೂಪಾಯೀನ ರೂಪಾಯಿಯಾಗೇ ಕೊಟ್ಟಿದ್ದಕ್ಕೆ ಇವರಿಗೆ ಯಾಕಮ್ಮ ಚಾರ್ಜು" ಎಂದರು ಕೋದಂಡರಾಮಪ್ಪ. ದನಿ ಇಳಿದಿತ್ತು.

"ಅಂಗಡಿ ಪರದೇಶದ್ದಲ್ವಾ ಅಪ್ಪ. ಡಾಲರ್ ಒತ್ತಿದ್ರೆ ಬ್ಯಾಂಕಿನೋರು ಮಾತ್ರ ಚಾರ್ಜು ತಗೊಳ್ಳೋರು. ಸಾವಿರದ ನಾನೂರರಲ್ಲಿ ಮುಗೀತಿತ್ತು. ನೀವು ಹಡಗಿನೋರಿಗೂ ಕೊಟ್ರಿ, ಬ್ಯಾಂಕಿನೋರಿಗೂ ಕೊಟ್ರಿ. ಒಟ್ಟು ಎರಡೂವರೆ ಸಾವಿರದ ಹತ್ರ ಹೋಯ್ತು."

"ಸರಿಪೋಯಿಂದಿ" ಎಂದರು ವೆಂಕಟರತ್ನಮ್ಮ, ಸರಿಹೋಯ್ತು ಎಂಬುದನ್ನು ತೆಲುಗಿನಲ್ಲಿ.

ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ಮೇ ತಿಂಗಳಲ್ಲಿ ಮಂಡಿ ತೆರೆದಾಗ ಗಲ್ಲಾದ ಮುಂದೆ ಮೇಘನ ಕೂತಿದ್ದಳು. ಕೋದಂಡರಾಮಪ್ಪ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದರು. ಸೋತದ್ದು ಒಳಗೆ ಚುಚ್ಚುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದು ಎಂದರೆ, ಕಾಯಿ ತಂದವರಿಗೆಲ್ಲ ತನಗಾದ ಅನ್ಯಾಯವನ್ನು ಹೇಳುವುದು. ಹೇಳುತ್ತ ಹೇಳುತ್ತ ಎರಡೂವರೆ ಸಾವಿರ ಐದಾಯಿತು, ಐದು ಹತ್ತಾಯಿತು. (ಅದಕ್ಕೂ ಅವರದೇ ವಿನಿಮಯ ದರ.) ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದ ಒಂದು ಬೆಳಿಗ್ಗೆ, ತನ್ನ ಕಾಯಿ ತೂಗಿಸಿ ಬಿಲ್ಲಿಗೆ ಕಾಯುತ್ತಿದ್ದ ಗೋಪಿ ಎಂಬ ರೈತನಿಗೆ ಈ ಕಥೆ ಕೇಳುವ ಪಾಳಿ ಬಂತು. ಅವನೂ ಟವೆಲ್ ಹಾಸಿಕೊಂಡು ಕೂತು ಪೂರ್ತಿ ಕೇಳಿದ.

"ನನ್ನ ದುಡ್ಡು ಕಣೋ. ನಾನೇ ದುಡಿದಿದ್ದು. ಅದನ್ನ ಅವರ ಕೈಗೆ ಹಾಕೋಕೂ ನೂರಕ್ಕಿಷ್ಟು ಅಂತ ಮುರಕೊಂಡವ್ರೆ."

"ಯಾಕೆ ಅಂತ ಕೇಳಲಿಲ್ವಾ ಯಜಮಾನ್ರೇ?"

"ಮೇಘನ ಬ್ಯಾಂಕಿಗೆ ಫೋನ್ ಮಾಡಿ ಕೇಳಿದ್ಳಪ್ಪ. ಇದು ಇಲ್ಲಿನ ಪದ್ಧತಿ, ಎಲ್ರೂ ಕೊಡ್ತಾರೆ ಅಂದ್ರಂತೆ."

ಗೋಪಿ ನಿಜವಾಗಿಯೂ ಮರುಗಿದ. ಇಂಥ ದೊಡ್ಡ ಮನುಷ್ಯರನ್ನೂ ಬಿಡಲಿಲ್ಲವಲ್ಲ ಎಂದು ತಲೆಯಾಡಿಸಿದ. ಸಮಾಧಾನ ಹೇಳುವ ದನಿಯಲ್ಲೇ ಅಂದ:

"ಅಂಗಾದ್ರೆ ಸಮುದ್ರದ ಮೇಲೂ ಸೂಟು ಐತೆ ಅನ್ನಿ."

ಸೂಟು ಎಂದರೆ ಮಂಡಿಯ ಹಳೇ ಪದ್ಧತಿ. ಕಾಯಿ ಬಾಡುತ್ತದೆ, ಕೊಳೆಯುತ್ತದೆ ಎಂದು ಟನ್ನಿಗೆ ಇಷ್ಟು ಕೇಜಿಯನ್ನು ಲೆಕ್ಕದಿಂದ ಮುರಿದುಕೊಂಡು, ಉಳಿದದ್ದಕ್ಕೆ ಮಾತ್ರ ರೈತನಿಗೆ ದುಡ್ಡು ಕೊಡುವುದು. ಯಾಕೆಂದು ಕೇಳಿದರೆ ಇದು ಇಲ್ಲಿಯ ಪದ್ಧತಿ, ಎಲ್ಲರೂ ಕೊಡುತ್ತಾರೆ ಎನ್ನುತ್ತಾರೆ. ಇಷ್ಟು ವರ್ಷ ಹಾಗೆಂದವರು ಕೋದಂಡರಾಮಪ್ಪನವರೇ.

ಸುತ್ತ ಕೂತಿದ್ದವರು ನಗಲಿಲ್ಲ. ನಕ್ಕಿದ್ದರೆ ಗದರಿಸಬಹುದಿತ್ತು. ಕೋದಂಡರಾಮಪ್ಪನವರಿಗೆ ಮುಖ ಬಿಸಿಯಾಯಿತು, ನಾಚಿಕೆಯೂ ಆಯಿತು. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತರು. ಅಷ್ಟರಲ್ಲಿ ಮೇಘನ ಪೆನ್ನು ಎತ್ತಿ ಹಿಡಿದು ಕೇಳಿದಳು.

"ಅಪ್ಪ, ಗೋಪಿಯಣ್ಣನ ಬಿಲ್ಲಲ್ಲಿ ಸೂಟು ಎಷ್ಟು ಮುರೀಲಿ?"

"ಇವತ್ತು ಬೇಡ ಬಿಡಮ್ಮ" ಎಂದರು ಮೆಲ್ಲಗೆ.

"ಗೋಪಿಯಣ್ಣಂಗೆ ಮಾತ್ರಾನಾ, ಎಲ್ರಿಗೂನಾ?" ಮೇಘನ ಮೆಲ್ಲಗೆ ಕೇಳಲಿಲ್ಲ.

ಸಾಲಿನಲ್ಲಿ ಇನ್ನೂ ಹನ್ನೊಂದು ಟ್ರಾಕ್ಟರುಗಳಿದ್ದವು. ಅವುಗಳ ಮೇಲಿದ್ದವರೆಲ್ಲ ಇಳಿದು ಬಂದು ಗಲ್ಲಾದ ಸುತ್ತ ನಿಂತಿದ್ದರು. ಕೋದಂಡರಾಮಪ್ಪ ಒಂದೊಂದು ಮುಖವನ್ನೂ ನೋಡಿದರು. ಅಷ್ಟೂ ಜನರಿಗೆ ಹಡಗಿನ ಕಥೆಯನ್ನು ಅವರೇ ಖುದ್ದಾಗಿ ಹೇಳಿದ್ದರು.

"ಎಲ್ರಿಗೂ" ಎಂದರು.

ಸಂಜೆ ಮೇಘನ ಲೆಕ್ಕ ಒಪ್ಪಿಸಿದಳು. ಆ ದಿನ ಬಿಟ್ಟ ಸೂಟಿನಲ್ಲಿ ಹಡಗಿನ ಬಿಲ್ಲನ್ನು ಪೂರ್ತಿಯಾಗಿ ಇನ್ನೊಂದು ಸಲ ಕಟ್ಟಬಹುದಿತ್ತು, ಅದೂ ರೂಪಾಯಿಯಲ್ಲಿ.