ಹವಾಲ್ದಾರರ ಆರು ತಿಂಗಳು

ನಮ್ಮ ಯಜಮಾನರು ಸೈನ್ಯ ಬಿಟ್ಟರೂ ಸೈನ್ಯ ಅವರನ್ನು ಬಿಟ್ಟಿರಲಿಲ್ಲ. ಹಾಗಾಗಿ ಏನಾದರೊಂದು ಫಜೀತಿ ನಡೆಯದ ವಾರವೇ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ನರ್ಸ್ ಕೆಲಸದಿಂದಾಗಿ ಮೈಸೂರಿನಿಂದ ಅಮೆರಿಕದ ಡೆಟ್ರಾಯಿಟ್ ಕಡೆಗೆ ಬಂದೆವು. ಹವಾಲ್ದಾರರಾಗಿ ನಿವೃತ್ತರಾಗಿದ್ದ ಅವರು ಮೂವತ್ತೆಂಟನೇ ವಯಸ್ಸಿನಲ್ಲಿ ಅಲ್ಲೇ ಪಕ್ಕದ ಲಿವೋನಿಯಾದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಟೂಲ್ ಶಾಪಿನಲ್ಲಿ ಅಪ್ರೆಂಟಿಸ್ ಆದರು. ಆರು ತಿಂಗಳ ಕೊನೆಗೆ ಪರೀಕ್ಷೆ. ಪಾಸಾಗದಿದ್ದರೆ ತಮ್ಮ ಸಲಕರಣೆ ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕು.

"ಹಾಗೇನಾದ್ರೂ ಆದ್ರೆ ನಾನು ಮೈಸೂರಿಗೆ ಹೋಗ್ತೀನಿ. ಮನೇಲಿ ಕೂತು ನಿನ್ನ ದಾರಿ ಕಾಯೋಕೆ ನನ್ನ ಕೈಲಾಗಲ್ಲ" ಎಂದಿದ್ದರು. ಅವರು ಹೇಳಿದ್ದನ್ನು ಮಾಡುವವರು.

ಹಿಮ್ಮಡಿ

ಮೊದಲ ವಾರ ಫೋರ್‌ಮನ್ ಹತ್ತಿರ ಬಂದಾಗಲೆಲ್ಲ ಇವರು ಲೋಹ ಕಡೆಯುವ ಲೇತ್ ನಿಲ್ಲಿಸಿ ಅಟೆನ್ಷನ್‌ನಲ್ಲಿ ನಿಲ್ಲುತ್ತಿದ್ದರು. ಆತ ದಿನಕ್ಕೆ ಇಪ್ಪತ್ತು ಸಲ ಆ ದಾರಿಯಲ್ಲಿ ಓಡಾಡುವವನು.

"ನಾನು ಬಂದ್ರೆ ಕೆಲಸ ನಿಲ್ಲುತ್ತೆ ಅನ್ನೋದಾದ್ರೆ ನನಗೆ ಸಂಬಳ ಯಾಕೆ ಕೊಡ್ತಾರೆ?" ಎಂದು ರೇಗಿದನಂತೆ.

"ಈಗೇನು ಮಾಡ್ತೀರಿ?" ಎಂದೆ ಗಾಬರಿಯಿಂದ.

"ಮೆಷಿನ್ ನಿಲ್ಲಿಸಲ್ಲ. ಹಿಮ್ಮಡಿ ಮಾತ್ರ ಜೋಡಿಸ್ತೀನಿ. ಅದು ಅವನಿಗೆ ಕಾಣಲ್ಲ."

ಅಪ್ಪಣೆ

ಅವರಿಗಿನ್ನೂ ಲೈಸೆನ್ಸ್ ಸಿಕ್ಕಿರಲಿಲ್ಲ. ಸಂಜೆ ನಾನೇ ಕಾರು ತರುತ್ತಿದ್ದೆ. ಒಂದು ದಿನ ಎಲ್ಲರೂ ಹೊರಟುಹೋದರು, ಇವರ ಸುಳಿವಿಲ್ಲ. ಕೈಗೇನಾದರೂ ಪೆಟ್ಟಾಯಿತೇನೋ ಎಂದು ಒಳಗೆ ಓಡಿದೆ. ಒರೆಸಿಟ್ಟ ಲೇತಿನ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದರು.

"ಯಾಕ್ರೀ?"

"ಯಾರೂ ಹೋಗು ಅಂದಿಲ್ಲ."

"ನಾನು ಅಂತಿದೀನಿ, ನಡೀರಿ."

ತಕ್ಷಣ ಹೊರಟರು. ಮದುವೆಯಾಗಿ ಹತ್ತು ವರ್ಷದಲ್ಲಿ ನನ್ನ ಮಾತು ಅಷ್ಟು ಬೇಗ ನಡೆದದ್ದು ಅದೇ ಮೊದಲು.

ಕಾವಲು

ಪರೀಕ್ಷೆ ಸೋಮವಾರ, ಹಿಂದಿನ ದಿನವೇ ಆಯುಧಪೂಜೆ. ಶನಿವಾರ ಪೆಟ್ಟಿಗೆಯನ್ನು ಮನೆಗೆ ತಂದು, ಬಂದೂಕು ಉಜ್ಜಿದ ಹಾಗೆ ಒಂದೊಂದೇ ಸಲಕರಣೆ ಉಜ್ಜಿಟ್ಟರು. ಭಾನುವಾರ ನಾನು ಎಲ್ಲಕ್ಕೂ ಕುಂಕುಮ ಇಟ್ಟೆ. ಮೈಕ್ರೋಮೀಟರು ಅಂತ ಒಂದಿತ್ತು, ಕೂದಲೆಳೆಯ ದಪ್ಪವನ್ನೂ ಅಳೆಯುವಂಥದ್ದು. ಅದರ ಬಾಯಿ ತೆರೆದು, ಅಲ್ಲಿಗೊಂದು ಬೊಟ್ಟಿಟ್ಟು ಮುಚ್ಚಿದೆ. ಪೂಜೆಗಿಟ್ಟ ಆಯುಧ ಮುಟ್ಟಬಾರದಲ್ಲ, ಇವರು ಕೈಮುಗಿದು ದೂರವೇ ಇದ್ದರು.

ಸೋಮವಾರ ಸಂಜೆ ಕಾರಿನ ಪಕ್ಕ ನಿಂತು ಕಾದೆ. ಶಾಪಿನ ಬಾಗಿಲು ತೆರೆಯಿತು. ಇವರ ಕೈಯಲ್ಲಿ ಪೆಟ್ಟಿಗೆ.

ಓಡಿ ಹತ್ತಿರ ಹೋದೆ.

"ಕೆಲಸ ಹೋಯ್ತಾ?"

"ಮೊದಲ ತುಂಡು ಹೋಯ್ತು. ಅಳತೆಗಿಂತ ಒಂದು ಎಳೆ ಜಾಸ್ತಿ ಸವೆದಿತ್ತು. ಫೋರ್‌ಮನ್ ನನ್ನ ಮೈಕ್ರೋಮೀಟರ್ ಬಿಚ್ಚಿ ನೋಡಿದ. ಅವನ ಬೆರಳೆಲ್ಲ ಕೆಂಪು."

ನಾನಿಟ್ಟ ಬೊಟ್ಟಿನ ದಪ್ಪವೂ ಅಳತೆಗೆ ಸೇರಿಬಿಟ್ಟಿತ್ತು!

"ಶನಿವಾರವೇ ಚೆಕ್ ಮಾಡಿದ್ದೆ, ಆಮೇಲೆ ಪೆಟ್ಟಿಗೆ ಕಾವಲಲ್ಲಿತ್ತು ಸರ್ ಅಂದೆ. ಕಾವಲು ಯಾರದ್ದು ಅಂದ. ನನ್ನ ಹೆಂಡ್ತೀದು ಅಂದೆ. ಈ ಕೆಂಪು ಹಚ್ಚಿದ್ದು ಯಾರು ಅಂದ."

"ಏನಂದ್ರಿ?"

"ಕಾವಲಿನವರೇ ಸರ್, ಅಂದೆ."

"ಅಯ್ಯೋ. ಆಮೇಲೆ?"

"ಐದು ನಿಮಿಷ ನಕ್ಕ. ತನ್ನ ಮೈಕ್ರೋಮೀಟರ್ ಕೊಟ್ಟು ಇನ್ನೊಂದು ತುಂಡು ಮಾಡಿಸಿದ. ಪಾಸು."

"ಮತ್ತೆ ಪೆಟ್ಟಿಗೆ ಯಾಕೆ ತಂದ್ರಿ?"

ಅವರು ಅದನ್ನು ನನ್ನ ಎರಡೂ ಕೈಗೆ ಇಟ್ಟರು. "ಹಚ್ಚಿದವರೇ ಒರೆಸಿ, ನಾಳೆ ಬೆಳಿಗ್ಗೆ ಏಳು ಗಂಟೆಗೆ ಫೋರ್‌ಮನ್ ಎದುರಿಗೆ ತಂದು ತೋರಿಸಬೇಕಂತೆ. ಆರ್ಡರ್."

ಆ ಪಾರ್ಕಿಂಗ್ ಲಾಟಿನಲ್ಲಿ, ನನಗೇ ಗೊತ್ತಿಲ್ಲದಂತೆ, ನನ್ನ ಎರಡೂ ಹಿಮ್ಮಡಿ ಜೋಡಿಯಾದವು.