ಹತ್ತು ಆನಂದ, ಒಂದೇ ಟ್ರಿಪ್ಪು

ಈ ಸಲದ ವಸಂತವನ್ನು ಸುಮ್ಮನೆ ಬಿಡುವವನಲ್ಲ ಎಂದು ನಾನು ಶಪಥ ಮಾಡಿದೆ. ಪ್ರತಿ ವರ್ಷ ಮರಗಳು ತಮ್ಮ ಪಾಡಿಗೆ ತಾವು ಚಿಗುರಿ, ಹೂ ಬಿಟ್ಟು, ಉದುರಿಸಿ ಕೈ ತೊಳೆದುಕೊಳ್ಳುವ ಹೊತ್ತಿಗೆ ನಾನು ಯಾವುದೋ ಕಟ್ಟಡದಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕೂತಿರುತ್ತೇನೆ. ಹತ್ತೊಂಬತ್ತು ವರ್ಷದಿಂದ ನಾನು ಲಿಫ್ಟ್ ಮೆಕ್ಯಾನಿಕ್. ಜನರನ್ನು ಮೇಲಕ್ಕೆತ್ತುವುದೇ ನನ್ನ ಕಸುಬು! ಭಾಷಣ ಮಾಡುವವರೂ ಅದನ್ನೇ ಹೇಳುತ್ತಾರೆ, ಆದರೆ ಎತ್ತಿ ತೋರಿಸುವವನು ನಾನೊಬ್ಬನೇ.

ಮಗಳು ಶಾಲೆಯಿಂದ ಒಂದು ಪಟ್ಟಿ ತಂದಿದ್ದಳು. 'ವಸಂತದಲ್ಲಿ ಮನೆಯವರೆಲ್ಲ ಸೇರಿ ಸವಿಯಬಹುದಾದ ಹತ್ತು ಆನಂದಗಳು.' ಬಯಲಿನಲ್ಲಿ ಊಟ, ಗಾಳಿಪಟ, ಬೀಜ ಬಿತ್ತುವುದು, ಹೂವಿನ ಚಿತ್ರ ಬರೆಯುವುದು, ಹುಲ್ಲಿನ ಮೇಲೆ ಬರಿಗಾಲ ನಡಿಗೆ, ಹಕ್ಕಿಯ ದನಿ ಆಲಿಸುವುದು, ಹಾಡು, ಪುಸ್ತಕ, ಹಿರಿಯರ ಬಾಯಲ್ಲಿ ಕಥೆ, ಕೊನೆಗೆ ಫೋನ್ ಮುಟ್ಟದ ಒಂದು ದಿನ.

"ವಾರಕ್ಕೊಂದು ಮಾಡಿ ಅಂತ ಕೆಳಗೆ ಬರೆದಿದ್ದಾರೆ, ನೋಡಿದ್ರಾ?" ಎಂದಳು ನನ್ನಾಕೆ.

"ಅದು ಮೈಗಳ್ಳರಿಗೆ! ಮೇಲೆ ತಾರಸಿ ಇದೆ, ಲಿಫ್ಟ್ ಇದೆ, ನಾನಿದ್ದೀನಿ. ಹತ್ತು ಆನಂದ, ಒಂದೇ ಟ್ರಿಪ್ಪು!"

"ನೀವಿರೋದೇ ನಂಗೆ ಚಿಂತೆ."

ನನ್ನ ಹುಮ್ಮಸ್ಸಿಗೆ ನಿಜವಾದ ಕಾರಣ ಪಟ್ಟಿಯಲ್ಲ, ನಮ್ಮತ್ತೆ. ಮೊಣಕಾಲು ನೋವೆಂದು ಚಳಿಗಾಲದ ಮೊದಲಲ್ಲಿ ನಮ್ಮ ಮನೆಗೆ ಬಂದವರು ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದರು. ಮಧ್ಯೆ ಮಧ್ಯೆ ಕೂತು, ನೀರು ಕುಡಿದು, ಒಂದು ಗಂಟೆ! ಪಕ್ಕದಲ್ಲೇ ಲಿಫ್ಟ್ ಬಾಗಿಲು ತೆರೆದುಕೊಂಡು ನಿಂತಿತ್ತು. "ಬಾಗಿಲು ಹಾಕಿದ ಪೆಟ್ಟಿಗೆಯಲ್ಲಿ ನಾನು ಹೋಗೋಳಲ್ಲ" ಎಂದುಬಿಟ್ಟರು. ಆಮೇಲೆ ಇಳಿಯುವ ಧೈರ್ಯವೂ ಬರಲಿಲ್ಲ. ನಾಲ್ಕು ತಿಂಗಳಿಂದ ಅವರು ಕಿಟಕಿಯಲ್ಲಿ ಕಂಡದ್ದು ಎದುರು ಕಟ್ಟಡದ ಗೋಡೆ ಮತ್ತು ಅದರ ಮೇಲಿನ ಒಂದು ಕೊಳವೆ. ಒಂದು ದಿನ ನನ್ನಾಕೆಯ ಹತ್ತಿರ ಮೆಲ್ಲಗೆ ಅಂದರು, "ಒಂದು ಸಲ ಪೂರ್ತಿ ಆಕಾಶ ನೋಡಬೇಕು ಕಣೇ."

ಆ ಮಾತು ನನ್ನ ಕರುಳಿಗೂ ತಾಗಿತು, ಮಾನಕ್ಕೂ ತಾಗಿತು. ಊರೆಲ್ಲ ನನ್ನ ಲಿಫ್ಟನ್ನು ನಂಬಿ ಓಡಾಡುವಾಗ ಸ್ವಂತ ಅತ್ತೆ ನಂಬುವುದಿಲ್ಲವೆಂದರೆ ಏನರ್ಥ? ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಈ ಗಿಡ ಮದ್ದು ಹೌದೆಂದು ತೋರಿಸಿಯೇ ಸೈ! ಮೂರು ದಿನ ಬೆನ್ನು ಹತ್ತಿ, ಲಿಫ್ಟಿನ ಹಗ್ಗದ ದಪ್ಪ ತೋರಿಸಿ, ಮಗಳ ಮೇಲೆ ಆಣೆಯಿಟ್ಟು ಅವರನ್ನು ಒಪ್ಪಿಸಿದೆ.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಹೊರಗೆ ಬಿಸಿಲು ಹದವಾಗಿತ್ತು. ಪಟ್ಟಿಯ ಹತ್ತನೆಯ ಆನಂದದಿಂದಲೇ ಶುರು ಮಾಡಿದೆವು. ಎಲ್ಲ ಫೋನುಗಳನ್ನೂ ನನ್ನ ಕೆಲಸದ ಚೀಲವನ್ನೂ ನನ್ನಾಕೆ ಮನೆಯ ಬೀರುವಿನಲ್ಲಿಟ್ಟು, ಮನೆಗೆ ಬೀಗ ಜಡಿದು, ಕೀಲಿಗೊಂಚಲನ್ನು ತನ್ನ ಪರ್ಸಿಗೆ ಹಾಕಿಕೊಂಡಳು. "ಇವತ್ತು ಸ್ಕ್ರೂಡ್ರೈವರ್ ಕೈಯಲ್ಲಿ ಕಂಡ್ರೆ ನೋಡಿ!" ಎಂದಳು.

ಆಮೇಲೆ ನಾನು ಲಿಫ್ಟಿಗೆ ಸಾಮಾನು ತುಂಬಿದೆ. ಮಡಚುವ ಮೇಜು, ಅತ್ತೆಗೆ ಕೂರಲು ಕಬ್ಬಿಣದ ಬೆಂಚು, ಆರು ಕುಂಡ, ಎರಡು ಮೂಟೆ ಮಣ್ಣು, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಊಟದ ಬುಟ್ಟಿ, ರೇಡಿಯೊ, ಬಣ್ಣದ ಡಬ್ಬಿ, ಗಾಳಿಪಟ. ತಾರಸಿಯಲ್ಲಿ ಹುಲ್ಲೆಲ್ಲಿಂದ ಬರಬೇಕು? ಅದಕ್ಕೊಂದು ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಉಳಿದ ಸಂದಿಯಲ್ಲಿ ನಾವು ನಾಲ್ವರು ಉಪ್ಪಿನಕಾಯಿ ಭರಣಿಯ ಹೋಳುಗಳಂತೆ ಸೇರಿಕೊಂಡೆವು. ಅತ್ತೆ ಕಣ್ಣು ಮುಚ್ಚಿ ಬೆಂಚಿನ ಕಾಲು ಹಿಡಿದುಕೊಂಡರು.

"ರೀ, ಆರು ಜನ, ನಾನೂರ ಎಂಟು ಕಿಲೋ ಅಂತ ಬೋರ್ಡಿದೆ, ಓದಿ."

"ಆ ಬೋರ್ಡು ಅಂಟಿಸಿದವನೇ ನಾನು. ಅದು ಸಾರ್ವಜನಿಕರಿಗೆ!"

ಗುಂಡಿ ಒತ್ತಿದೆ. ಭಾರ ಹೆಚ್ಚಾದಾಗ ಕೂಗುವ ಬಜರು ಕುಯ್ಯೋ ಎಂದಿತು. ಅತ್ತೆ ಒಂದು ಕಣ್ಣು ತೆರೆದರು. ಇಂಥ ಹೊತ್ತಿನಲ್ಲಿ ಮೂಟೆ ಇಳಿಸುವವನು ಸಾಮಾನ್ಯ ಮನುಷ್ಯ. ನಾನು ಮಗಳ ತಲೆಯಿಂದ ಒಂದು ಹೇರ್‌ಪಿನ್ ಎಳೆದು, ಗುಂಡಿಗಳ ಫಲಕದ ಸಂದಿಗೆ ತೂರಿಸಿ, ಒಂದೇ ಒಂದು ತಂತಿಯನ್ನು ಕಿತ್ತೆ. ಬಜರು ಗಪ್‌ಚಿಪ್! ಲಿಫ್ಟು ಒಮ್ಮೆ ನರಳಿ ಮೇಲಕ್ಕೆ ಹೊರಟಿತು.

"ನೋಡಿದ್ರಾ ಅತ್ತೆ? ಇದಕ್ಕೆ ಅನುಭವ ಅಂತಾರೆ."

ನಾಲ್ಕನೆಯ ಮಹಡಿ ದಾಟಿತು. ಲಿಫ್ಟಿನ ಜಾಲರಿ ಬಾಗಿಲಿನಾಚೆ ಐದನೆಯದರ ಹೊಸ್ತಿಲು ನನ್ನ ಹಣೆಯ ಮಟ್ಟಕ್ಕೆ ಕಾಣಿಸಿತು. ಅಲ್ಲಿಗೆ ಲಿಫ್ಟು ಒಂದು ಬಿಕ್ಕಳಿಕೆ ತೆಗೆದು ನಿಂತೇಬಿಟ್ಟಿತು. ಆರು ಮಹಡಿಯ ಕಟ್ಟಡ, ಮೂರರಲ್ಲಿ ನಮ್ಮ ಮನೆ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಎನ್ನುವುದನ್ನು ಅಷ್ಟು ಅಕ್ಷರಶಃ ಅನುಭವಿಸಿದವರು ನಮಗಿಂತ ಬೇರೆ ಯಾರೂ ಇರಲಾರರು.

"ಏನಾಯ್ತು?" ನನ್ನಾಕೆಯ ದನಿ.

"ಏನಿಲ್ಲ. ಮೋಟಾರು ಬಿಸಿಯಾಗಿ ವಿಶ್ರಾಂತಿ ತಗೊಂಡಿದೆ. ಮೇಲಿನ ಯಂತ್ರದ ಕೋಣೆಯಲ್ಲಿ ಒಂದು ಗುಂಡಿ ಒತ್ತಿದ್ರೆ ಎದ್ದು ಓಡುತ್ತೆ."

"ಆ ಕೋಣೆ ಕೀಲಿ?"

"ಕೆಲಸದ ಚೀಲದಲ್ಲಿ."

"ಚೀಲ ಬೀರುವಿನಲ್ಲಿ. ಸರಿ, ಗಂಟೆ ಒತ್ತಿ, ಯಾರಾದ್ರೂ ಬರ್ತಾರೆ."

ಕೆಂಪು ಗುಂಡಿ ಒತ್ತಿದೆ. ಸದ್ದಿಲ್ಲ. ಆಗ ಹೊಳೆಯಿತು ನನಗೆ. ಬಜರಿಗೂ ತುರ್ತು ಗಂಟೆಗೂ ಹೋಗುವುದು ಒಂದೇ ತಂತಿ! ಹೇರ್‌ಪಿನ್ನಿನಿಂದ ಮತ್ತೆ ಕೆದಕಿದೆ. ತಂತಿಯ ತುದಿ ಫಲಕದ ಹಿಂದೆ ಎಲ್ಲೋ ಜಾರಿಹೋಗಿತ್ತು, ಅದರ ಹಿಂದೆಯೇ ಹೇರ್‌ಪಿನ್ನೂ ಜಾರಿಹೋಯಿತು.

ಮಗಳು ಗೋಡೆಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದಳು. "'ಲಿಫ್ಟ್ ನಿಂತರೆ ಗಾಬರಿಯಾಗಬೇಡಿ. ಈ ನಂಬರಿಗೆ ಕರೆ ಮಾಡಿ. ಹದಿನೈದು ನಿಮಿಷದಲ್ಲಿ ಮೆಕ್ಯಾನಿಕ್ ಹಾಜರ್!' ಅಪ್ಪಾ, ಇದು ನಿನ್ನ ನಂಬರ್ರು!"

"ಹದಿನೈದು ನಿಮಿಷ ಯಾಕೆ? ಮೊದಲೇ ಹಾಜರಾಗಿದ್ದಾರಲ್ಲ!" ಎಂದಳು ನನ್ನಾಕೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿಮ್ಮನ್ನ ನೋಡೇ ಹೇಳಿರಬೇಕು. ಅಮ್ಮನ ಗತಿ ಏನ್ರೀ ಈಗ? ಮೊದಲೇ ಹೆದರ್ತಾರೆ."

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅವರು ಎರಡೂ ಕಣ್ಣು ತೆರೆದು ನಿರಾಳವಾಗಿ ಮಣ್ಣಿನ ಮೂಟೆಯ ಮೇಲೆ ಕೂತಿದ್ದರು.

"ಓಡ್ತಾ ಇರೋವಾಗ ಜೀವ ಬಾಯಿಗೆ ಬಂದಿತ್ತು. ಈಗ ನಿಂತಿದೆಯಲ್ಲ, ಏನೂ ತೊಂದರೆ ಇಲ್ಲ. ಬುಟ್ಟಿಯಲ್ಲಿ ಏನಿದೆ?"

ಹೀಗೆ ನಮ್ಮ ವಸಂತೋತ್ಸವ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದಲ್ಲಿ ಉದ್ಘಾಟನೆಗೊಂಡಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣಿನ ಹೋಳು ಹಂಚಿದ್ದಾಯಿತು. ಮಗಳು ಹಸಿರು ಚಾಪೆ ಬಿಡಿಸಿ ಬರಿಗಾಲಲ್ಲಿ ಮೂರು ಹೆಜ್ಜೆ ಅತ್ತ, ಮೂರು ಹೆಜ್ಜೆ ಇತ್ತ ನಡೆದಳು. ಒಂದು ಕುಂಡಕ್ಕೆ ಬೀಜ ಬಿತ್ತಿದಳು. ಅತ್ತೆ ತಮ್ಮ ಮದುವೆಯ ದಿನ ಗಂಡಿನ ಕಡೆಯವರು ದಾರಿ ತಪ್ಪಿ ಬೇರೆ ಮನೆಗೆ ಹೋಗಿ ಕೂತಿದ್ದ ಕಥೆ ಹೇಳಿದರು. ನನ್ನಾಕೆ ಸಿಟ್ಟು ಮರೆತು ನಕ್ಕಳು, ನಕ್ಕ ಮೇಲೆ ಸಿಟ್ಟು ನೆನಪಾಗಿ ನನ್ನ ಕಡೆ ನೋಡಿ ನಿಲ್ಲಿಸಿದಳು. ಮಗಳು ಪಟ್ಟಿಯಲ್ಲಿ ಒಂದೊಂದನ್ನೇ ಗುರುತು ಹಾಕುತ್ತಾ ಹೋದಳು. ನಾನು ಮಾತ್ರ ಹೊಸ್ತಿಲ ಕಡೆ ಕಿವಿಯಿಟ್ಟು, "ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಐದನೆಯ ಮಹಡಿಯ ಬಾಗಿಲಡಿಯ ಎರಡು ಬೆರಳಗಲದ ಸಂದಿನಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಪ್ರತ್ಯಕ್ಷವಾದವು. ಕೂಗುತ್ತಿದ್ದವನು ತಟ್ಟನೆ ಕೆಳಗೆ ಬಗ್ಗಿದೆ. ಅವು ಶಿಳ್ಳೆ ಮೇಷ್ಟ್ರ ಶೂಗಳು! ನಿವೃತ್ತ ವ್ಯಾಯಾಮ ಶಿಕ್ಷಕರು, ಕೊರಳಲ್ಲಿ ಈಗಲೂ ಶಿಳ್ಳೆ. ಲಿಫ್ಟೆಂದರೆ ಸೋಮಾರಿಗಳ ಪಲ್ಲಕ್ಕಿ ಎನ್ನುವವರು.

"ಯಾರದು ಒಳಗೆ?"

"ನಾವು... ನಾಲ್ಕು ಜನ," ಎಂದೆ, ದನಿ ಬದಲಾಯಿಸಿ.

"ಹೆದರಬೇಡಿ! ಇಲ್ಲಿ ನಂಬರ್ ಇದೆ, ಮೆಕ್ಯಾನಿಕ್ಕಿಗೆ ಫೋನ್ ಮಾಡ್ತೀನಿ."

ಕೆಳಗೆ, ಬಹಳ ಕೆಳಗೆ, ನಮ್ಮ ಮನೆಯ ಬೀರುವಿನಲ್ಲಿ ನನ್ನ ಫೋನು ಹಾಡತೊಡಗಿತು. ಲಿಫ್ಟಿನ ಬಾವಿಯೊಳಗಿಂದ ಆ ಸದ್ದು ಸ್ಪಷ್ಟವಾಗಿ ಮೇಲೆ ಬರುತ್ತಿತ್ತು. ನಾವು ನಾಲ್ವರೂ ತಲೆ ತಗ್ಗಿಸಿ ಕೇಳಿದೆವು. ಮಗಳು ಪಟ್ಟಿಯಲ್ಲಿ 'ಹಾಡು' ಎಂಬುದಕ್ಕೆ ಗುರುತು ಹಾಕಿದಳು.

"ಎತ್ತೋದಿಲ್ಲ ಕಣ್ರೀ! ಬೇಜವಾಬ್ದಾರಿ ಮನುಷ್ಯ. ಮೂರನೇ ಮಹಡಿಯಲ್ಲೇ ಇದ್ದಾನೆ, ಭಾನುವಾರ ಅಂತ ಬಿದ್ಕೊಂಡಿರ್ತಾನೆ. ತಾಳಿ, ಬಾಗಿಲು ಬಡಿದು ಎಬ್ಬಿಸ್ತೀನಿ."

ಶೂಗಳು ಮಾಯವಾದವು. ಕೆಳಗೆ ನಮ್ಮ ಮನೆಯ ಬಾಗಿಲಿಗೆ ಗುದ್ದು ಬೀಳುವುದು ಕೇಳಿಸಿತು. ಶಿಳ್ಳೆಯೂ ಊದಿದರು.

"ಹೇಳಿಬಿಡ್ರೀ, ಒಳಗಿರೋದು ನೀವೇ ಅಂತ," ಎಂದಳು ನನ್ನಾಕೆ.

"ಹತ್ತೊಂಬತ್ತು ವರ್ಷದ ಹೆಸರು ಕಣೇ!"

ಮೇಷ್ಟ್ರು ಏದುಸಿರಿಲ್ಲದೆ ಮತ್ತೆ ಮೇಲೆ ಬಂದರು. "ಬಾಗಿಲಿಗೆ ಬೀಗ! ಊರು ಸುತ್ತೋಕೆ ಹೋಗಿರ್ಬೇಕು. ಕಂಪನಿಗೇ ದೂರು ಕೊಡ್ತೀನಿ." ಕೊಟ್ಟರು. ಕಂಪನಿಯ ಹುಡುಗಿಯ ದನಿ ಸ್ಪೀಕರಿನಲ್ಲಿ ನಮಗೂ ಕೇಳಿಸಿತು. "ಚಿಂತೆ ಮಾಡಬೇಡಿ ಸರ್. ನಮ್ಮ ಅತ್ಯುತ್ತಮ ಮೆಕ್ಯಾನಿಕ್ ನಿಮ್ಮ ಕಟ್ಟಡದಲ್ಲೇ ಇದ್ದಾರೆ. ಈಗಲೇ ಕಳಿಸ್ತೀವಿ!"

ಕೆಳಗೆ ನನ್ನ ಫೋನು ಮತ್ತೆ ಹಾಡಿತು.

ಅತ್ಯುತ್ತಮ ಎಂಬ ಮಾತು ಕಿವಿಗೆ ತಂಪೆನಿಸಿದ್ದು ನಿಜ. ಆದರೆ ಅತ್ತೆಯ ಮುಖ ನೋಡಿದೆ. ಕಥೆ ಮುಗಿದಿತ್ತು, ಬುಟ್ಟಿ ಬರಿದಾಗಿತ್ತು, ಅವರು ಮೊಣಕಾಲು ನೀವಿಕೊಳ್ಳುತ್ತಾ ಲಿಫ್ಟಿನ ತಗಡಿನ ಛಾವಣಿಯನ್ನು ನೋಡುತ್ತಿದ್ದರು. ನಾಲ್ಕು ತಿಂಗಳು ಗೋಡೆ ನೋಡಿದವರಿಗೆ ಆಕಾಶ ಅಂತ ಹೇಳಿ ತಗಡು ತೋರಿಸಿದ್ದೆ! ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನೊಂದು ಮೂಟೆಯ ಮೇಲೆ ಹತ್ತಿ ಸಂದಿಗೆ ಬಾಯಿಟ್ಟೆ.

"ಮೇಷ್ಟ್ರೇ, ಮೆಕ್ಯಾನಿಕ್ ಒಳಗಿದ್ದಾನೆ."

"ಒಳಗಿದ್ದಾನಾ? ಮತ್ತೆ ಇನ್ನೂ ಯಾಕ್ರೀ ರಿಪೇರಿ ಆಗಿಲ್ಲ?"

"ನಾನೇ ಮೇಷ್ಟ್ರೇ, ಮೂರನೇ ಮಹಡಿ."

ಶೂಗಳು ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದವು. ಆಮೇಲೆ ಅವರು ನಕ್ಕ ನಗುವಿಗೆ ಕಟ್ಟಡದ ಎಲ್ಲ ಮಹಡಿಗಳ ಬಾಗಿಲೂ ತೆರೆದವು.

ಸಂದಿನಿಂದ ಕೀಲಿಗೊಂಚಲು ದಾಟಿಸಿದೆ. ಮೇಷ್ಟ್ರು ಮನೆ ತೆಗೆದು, ಬೀರು ತೆಗೆದು, ಚೀಲ ಹೊತ್ತು ಆರನೆಯ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಹೋದರು. ಗುಂಡಿ ಒತ್ತಿದರು. ಮೋಟಾರು ಗೊರಗೊರ ಎಂದು ಕೈಚೆಲ್ಲಿತು, ಅಷ್ಟು ಭಾರ ಎತ್ತಲು ಅದು ಸುತರಾಂ ಒಪ್ಪಲಿಲ್ಲ. ಬ್ರೇಕಿನ ಸನ್ನೆಕೋಲನ್ನು ಕೈಯಿಂದ ಎತ್ತಿ, ಇಷ್ಟಿಷ್ಟೇ ಕೆಳಗೆ ಇಳಿಸುವುದೊಂದೇ ದಾರಿ ಉಳಿದದ್ದು. ನಾನು ಕೂಗಿ ಹೇಳಿಕೊಟ್ಟೆ. ಮೇಷ್ಟ್ರು ಶಿಳ್ಳೆ ಊದಿ ಎತ್ತುವರು, ಲಿಫ್ಟು ಒಂದು ಗೇಣು ಇಳಿಯುವುದು. ಮತ್ತೆ ಶಿಳ್ಳೆ, ಮತ್ತೆ ಗೇಣು. ಪ್ರತಿ ಗೇಣಿಗೂ ಅತ್ತೆ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ನಾಲ್ಕು ದಿನ ಅಲ್ಲಿ ನೀಲಿ ಗುರುತಿತ್ತು. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ನೆರೆಹೊರೆಯವರು ಚಪ್ಪಾಳೆ ತಟ್ಟಿದರು.

ಸಾಮಾನೆಲ್ಲ ಹೊರಗಿಟ್ಟು, ಬೆವರು ಒರೆಸಿಕೊಂಡು, ನಾನು ಹುರುಪಿನಿಂದ ಹೇಳಿದೆ, "ಬನ್ನಿ ಅತ್ತೆ, ಈಗ ಭಾರ ಇಲ್ಲ. ನಿಮ್ಮೊಬ್ಬರನ್ನ ಹೂವಿನ ಹಾಗೆ ಎತ್ತಿಕೊಂಡು ಹೋಗುತ್ತೆ."

ಅತ್ತೆ ಲಿಫ್ಟನ್ನು ನೋಡಿದರು. ಮೆಟ್ಟಿಲನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಕಂಬಿ ಹಿಡಿದು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು.

"ಅಮ್ಮಾ, ಮೊಣಕಾಲು!"

"ಅದೇನೋ ಕಣೇ, ಆ ಪೆಟ್ಟಿಗೆ ನೋಡಿದ ಮೇಲೆ ನೋವೇ ಗೊತ್ತಾಗ್ತಿಲ್ಲ."

ಮೇಷ್ಟ್ರು ಪಕ್ಕದಲ್ಲಿ ನಿಂತು ಮೆಲ್ಲಗೆ ಎಣಿಸಿದರು. ಮಗಳು ಕೈ ಹಿಡಿದಳು. ಪ್ರತಿ ತಿರುವಿನಲ್ಲೂ ಕೂತು ಎದ್ದು, ಮುಕ್ಕಾಲು ಗಂಟೆಯಲ್ಲಿ ಅವರು ತಾರಸಿ ತಲುಪಿದರು. ಸಾಮಾನನ್ನಾದರೂ ಲಿಫ್ಟಿನಲ್ಲಿ ಒಯ್ಯೋಣವೆಂದರೆ ನನ್ನಾಕೆ ಬಿಡಲಿಲ್ಲ. ಒಂದೇ ಟ್ರಿಪ್ಪೆಂದವನು ಬೆಂಚು, ಮೇಜು, ಕುಂಡ, ಮೂಟೆ ಹೊತ್ತು ಹನ್ನೊಂದು ಟ್ರಿಪ್ಪು ಹತ್ತಿದೆ!

ಕೊನೆಯ ಮೂಟೆ ಇಳಿಸಿ ತಲೆಯೆತ್ತಿದಾಗ ಅತ್ತೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಕೆಳಗೆ ಬೀದಿಯ ಮರಗಳೆಲ್ಲ ಹೂ ಬಿಟ್ಟಿದ್ದವು. ಮೇಲೆ ಒಂದು ಮೋಡವೂ ಇಲ್ಲದ ಆಕಾಶ, ಅದರಲ್ಲಿ ಮಗಳ ಗಾಳಿಪಟ. ಅತ್ತೆ ಬಾಯಿ ಸ್ವಲ್ಪ ತೆರೆದುಕೊಂಡು ನೋಡುತ್ತಲೇ ಇದ್ದರು. ನನ್ನಾಕೆ ಸದ್ದಿಲ್ಲದೆ ಬಂದು ನನಗೊಂದು ಲೋಟ ನೀರು ಕೊಟ್ಟಳು. ನನಗೆ ಎಲ್ಲಿಲ್ಲದ ಸಂತೋಷವಾಯಿತು, ಸಂತೋಷವಾದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ.

"ಅತ್ತೆ, ಇಲ್ಲೇ ಆರಾಮಾಗಿ ಕೂತಿರಿ. ನೀವು ಇಳಿಯೋ ಹೊತ್ತಿಗೆ ಲಿಫ್ಟ್ ಸರಿ ಮಾಡಿಡ್ತೀನಿ. ಮೆಟ್ಟಿಲಿನ ಕಂಬಿಯೂ ಒಂದು ಕಡೆ ಸ್ವಲ್ಪ ಅಲ್ಲಾಡ್ತಾ ಇತ್ತು, ಅದನ್ನೂ ಹಾಗೇ ಒಂದು ಕೈ ನೋಡಿಬಿಡ್ತೀನಿ."

ಆಕಾಶದಿಂದ ಕಣ್ಣು ಕಿತ್ತು ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ದಮ್ಮಯ್ಯ ಅಳಿಯಂದ್ರೇ, ಮೆಟ್ಟಿಲು ಮಾತ್ರ ಮುಟ್ಟಬೇಡಿ! ಕೆಳಗಿಳಿಯೋಕೆ ಇನ್ನು ಉಳಿದಿರೋದು ಅದೊಂದೇ!"